ರಿಟೈರ್ ಆದ ಬೇಸ್‌ಬಾಲ್ ಆಟಗಾರರಿಗೆ ಕಾಗದ ಬರೆದು ಕಾರ್ಡ್ ಮೇಲೆ ಸೈನ್ ಹಾಕಿಸ್ಕೊಳ್ಳೋದು

ಬೇಸ್‌ಬಾಲ್ ಆಡಿ ರಿಟೈರ್ ಆದವರಿಗೆ ಅವರದೇ ಫೋಟೋ ಇರೋ ಕಾರ್ಡ್ ಒಂದನ್ನ ಪೋಸ್ಟಲ್ಲಿ ಕಳಿಸೋದು, ಜೊತೆಗೊಂದು ಕಾಗದ ಬರೆದು ಹಾಕೋದು, ವಾಪಸ್ ಬರೋಕೆ ನಮ್ಮ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಇನ್ನೊಂದು ಕವರ್ ಇಡೋದು, ಆಮೇಲೆ ಕಾಯೋದು. ಅಮೆರಿಕದ ಕಲೆಕ್ಟರ್‌ಗಳು ಇದನ್ನ ಟಿಟಿಎಂ ಅಂತಾರೆ, ಥ್ರೂ ದ ಮೇಲ್ ಅಂತ. ಕೇಳೋಕೆ ಐದು ನಿಮಿಷದ ಕೆಲಸ ಅನ್ಸತ್ತೆ, ಆದ್ರೆ ಒಳಗೆ ಇಳಿದ್ರೆ ಯಾವ ಪೇಪರ್ ಯಾವ ಇಂಕ್ ಅನ್ನೋದ್ರಿಂದ ಹಿಡಿದು ಹಳೇ ಆಟಗಾರರ ಪೆನ್ಷನ್ ಜಗಳ, ಎಫ್‌ಬಿಐ ರೇಡ್‌ವರೆಗೂ ಎಲ್ಲಾ ಇದೆ ಇದ್ರಲ್ಲಿ. ಅಮೆರಿಕದಲ್ಲಿರೋ ನಮ್ಮ ಎಷ್ಟೋ ಕನ್ನಡ ಕುಟುಂಬಗಳು ಮಕ್ಕಳನ್ನ ಬಾಲ್‌ಪಾರ್ಕಿಗೆ ಕರ್ಕೊಂಡ್ ಹೋಗ್ತಾರೆ, ಮಕ್ಕಳು ಕಾರ್ಡ್ ಸೇರಿಸೋಕೆ ಶುರು ಮಾಡ್ತಾವೆ, ಅಲ್ಲಿಂದ ಮುಂದಿನ ಹೆಜ್ಜೆ ಇದು, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಾ ಇದೀನಿ.

ಮೊದಲು ಕಾರ್ಡ್ ವಿಷಯ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ರಟ್ಟು, ಮುಂದೆ ಫೋಟೋ, ಹಿಂದೆ ಆ ಆಟಗಾರನ ಆಟದ ಅಂಕಿಅಂಶ. ಟಾಪ್ಸ್ ಅನ್ನೋ ಕಂಪನಿ 1952ರಲ್ಲಿ 407 ಕಾರ್ಡಿನ ಒಂದು ಸೆಟ್ ತಂತು, ಇವತ್ತಿಗೂ ಕಲೆಕ್ಟರ್‌ಗಳಿಗೆ ಅದೇ ದೊಡ್ಡ ಹೆಸರಿನ ಸೆಟ್ಟು. ಅದರಲ್ಲಿ 311ನೇ ನಂಬರ್ ನ್ಯೂಯಾರ್ಕ್ ಯಾಂಕೀಸ್ ಟೀಮಿನ ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್ ಕಾರ್ಡು, ತುಂಬಾ ಒಳ್ಳೇ ಕಂಡೀಷನ್‌ನಲ್ಲಿದ್ದ ಒಂದು ಪ್ರತಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯ್ತು. ಆದ್ರೆ ಟಿಟಿಎಂ ಮಾಡೋರಿಗೆ ಆ ಲೋಕ ಬೇಕಾಗಿಲ್ಲ. ನಮಗೆ ಬೇಕಾಗಿರೋದು 1980ರ ದಶಕದ ಕೊನೆ, 1990ರ ಶುರುವಿನ ಕಾರ್ಡುಗಳು. ಆಗ ಕಂಪನಿಗಳು ಲೆಕ್ಕ ಇಲ್ಲದಷ್ಟು ಪ್ರಿಂಟ್ ಹಾಕಿಬಿಟ್ರು, ಜನ ಮುಂದೆ ಬೆಲೆ ಬರತ್ತೆ ಅಂತ ಪೆಟ್ಟಿಗೆಗಟ್ಟಲೆ ಇಟ್ಕೊಂಡ್ರು, ಎಲ್ಲರೂ ಇಟ್ಕೊಂಡಿದ್ರಿಂದ ಯಾವುದಕ್ಕೂ ಬೆಲೆ ಬರ್ಲಿಲ್ಲ. ಆ ಕಾಲಕ್ಕೆ ಜಂಕ್ ವ್ಯಾಕ್ಸ್ ಅಂತಾನೇ ಹೆಸರು. ಮರದ ಹಲಗೆ ತರ ಬಾರ್ಡರ್ ಇರೋ 1987ರ ಟಾಪ್ಸ್ ಸೆಟ್, ಒಟ್ಟು 792 ಕಾರ್ಡು, ಇವತ್ತಿಗೂ ಅಗ್ಗಕ್ಕೆ ಸಿಗತ್ತೆ, ಹತ್ತಿರ ಹತ್ತಿರ ಆ ಕಾಲದ ಎಲ್ಲಾ ಆಟಗಾರರೂ ಅದರಲ್ಲಿ ಇದಾರೆ, ಪೋಸ್ಟಲ್ಲಿ ಕಳೆದುಹೋದ್ರೂ ಹೊಟ್ಟೆ ಉರಿಯಲ್ಲ. ಟಿಟಿಎಂಗೆ ಹೇಳಿ ಮಾಡಿಸಿದ್ದು ಅದು.

ಇನ್ನು ಯಾರಿಗೆ ಬರೀಬೇಕು ಅನ್ನೋದು. ಮೇಜರ್ ಲೀಗ್‌ನಲ್ಲಿ, ಅಂದ್ರೆ ಅಮೆರಿಕದ ಬೇಸ್‌ಬಾಲ್‌ನ ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ, ಇಲ್ಲೀವರೆಗೆ ಆಡಿರೋರು 23 ಸಾವಿರಕ್ಕಿಂತ ಜಾಸ್ತಿ ಜನ. ಅದರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದ್ರೆ ದಿಗ್ಗಜರ ಗೌರವ ಪಟ್ಟಿಗೆ, ಹೋದೋರು ಕೆಲವೇ ನೂರು, ಮಿಕ್ಕೋರಲ್ಲಿ ಎಷ್ಟೋ ಜನ ಒಂದೆರಡು ಸೀಸನ್ ಆಡಿ, ಕೆಲವ್ರು ಒಂದೇ ಒಂದು ಮ್ಯಾಚ್ ಆಡಿ, ಮನೆಗೆ ಹೋಗಿ ಇನ್ಶೂರೆನ್ಸ್ ಮಾರಿದೋರು, ಸ್ಕೂಲಲ್ಲಿ ಪಿಟಿ ಮೇಷ್ಟ್ರಾದೋರು, ಹೊಲ ನೋಡ್ಕೊಂಡೋರು. ಹೊಸಬ್ರು ಮಾಡೋದೇನು, ಮೊದಲು ದೊಡ್ಡ ಹೆಸರಿಗೆ ಬರೀತಾರೆ, ಉತ್ತರ ಬರಲ್ಲ, ಬೇಜಾರಾಗಿ ಬಿಟ್ಬಿಡ್ತಾರೆ. ದೊಡ್ಡ ಹೆಸರಿನೋರಿಗೆ ಮೂಟೆಗಟ್ಟಲೆ ಪತ್ರ ಬರತ್ತೆ, ಜೊತೆಗೆ ಅವರ ಸೈನ್‌ಗೆ ಮಾರ್ಕೆಟ್ ಇದೆ, ಕಾಂಟ್ರ್ಯಾಕ್ಟ್ ಇರತ್ತೆ. 1974ರಲ್ಲಿ ಎರಡು ತಿಂಗಳು ಬುಲ್‌ಪೆನ್‌ನಲ್ಲಿ (ಬದಲಿ ಪಿಚ್ಚರ್‌ಗಳು ಕಾಯೋ ಜಾಗ) ಕೂತಿದ್ದ ಪಿಚ್ಚರ್‌ಗೆ, ಅಂದ್ರೆ ಬ್ಯಾಟರ್‌ಗೆ ಬಾಲ್ ಎಸೆಯೋನಿಗೆ, ಅಷ್ಟೆಲ್ಲ ಯಾರು ಬರೀತಾರೆ, ಅವರಿಗೆ ಒಂದು ಕಾಗದ ಬಂದ್ರೆ ಕೂತು ಓದ್ತಾರೆ. ನನ್ನ ಅನುಭವದಲ್ಲಿ ಒಳ್ಳೊಳ್ಳೆ ಉತ್ತರ ಬಂದಿರೋದೆಲ್ಲಾ ಇಂಥವರಿಂದಾನೇ, ಕಾರ್ಡ್ ಹಿಂದೆ ಎರಡು ಸಾಲು, ಕೆಲವು ಸಲ ಒಂದು ಪುಟ.

ದೊಡ್ಡವರಲ್ಲೂ ಧಾರಾಳಿಗಳು ಇದ್ರು, ಇಲ್ಲ ಅನ್ನಲ್ಲ. ಕ್ಲೀವ್‌ಲ್ಯಾಂಡ್ ಟೀಮಿನ ಪಿಚ್ಚರ್ ಬಾಬ್ ಫೆಲ್ಲರ್ 2010ರಲ್ಲಿ ತೀರಿಕೊಳ್ಳೋವರೆಗೂ ಎಷ್ಟು ಸೈನ್ ಹಾಕಿದ್ರು ಅಂದ್ರೆ ಅವರ ಸೈನ್ ಇಲ್ಲದ ಬಾಲೇ ಅಪರೂಪ ಅಂತ ಕಲೆಕ್ಟರ್‌ಗಳು ಮಾತಾಡ್ಕೊಳ್ತಾ ಇದ್ರು. ಬಾಲ್ಟಿಮೋರ್ ಟೀಮಿನ ಬ್ರೂಕ್ಸ್ ರಾಬಿನ್ಸನ್ ಇನ್ನೊಬ್ರು. ನನಗೆ ತುಂಬಾ ಗೌರವ ಇರೋದು ಕಾರ್ಲ್ ಅರ್ಸ್ಕಿನ್ ಬಗ್ಗೆ. ಬ್ರೂಕ್ಲಿನ್ ಡಾಡ್ಜರ್ಸ್ ಟೀಮಿನ ಪಿಚ್ಚರ್, ಬಿಳಿಯರದ್ದೇ ಆಗಿದ್ದ ಮೇಜರ್ ಲೀಗಿನ ಬಾಗಿಲು ತೆರೆಸಿದ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಜೊತೆ ಒಂದೇ ಟೀಮಲ್ಲಿ ಆಡಿದೋರು, ಎರಡು ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಮ್ಯಾಚ್) ಹಾಕಿದೋರು, 1953ರ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯ ಮೂರನೇ ಮ್ಯಾಚಲ್ಲಿ 14 ಜನರನ್ನ ಸ್ಟ್ರೈಕ್‌ಔಟ್ ಮಾಡಿ ಆಗಿನ ರೆಕಾರ್ಡ್ ಮುರಿದೋರು. ಅವರ ಮಗನಿಗೆ ಡೌನ್ ಸಿಂಡ್ರೋಮ್ ಇತ್ತು, ಅದಕ್ಕೇ ಸ್ಪೆಷಲ್ ಒಲಿಂಪಿಕ್ಸ್‌ಗೋಸ್ಕರ ಜೀವಮಾನ ಪೂರ್ತಿ ದುಡಿದ್ರು. ಇಷ್ಟೆಲ್ಲಾ ಮಾಡಿ ಇಂಡಿಯಾನಾದ ತಮ್ಮ ಊರಲ್ಲೇ ಇದ್ಕೊಂಡು, ತೊಂಬತ್ತು ದಾಟಿದ ಮೇಲೂ ಅಭಿಮಾನಿಗಳ ಪತ್ರಕ್ಕೆ ಸೈನ್ ಹಾಕಿ ಕಳಿಸ್ತಾ ಇದ್ರು. 2024ರ ಏಪ್ರಿಲ್‌ನಲ್ಲಿ 97ನೇ ವಯಸ್ಸಲ್ಲಿ ತೀರಿಕೊಂಡ್ರು. ಜ್ಯಾಕಿ ರಾಬಿನ್ಸನ್ ಹೇಗಿದ್ರು ಅಂತ ಪಕ್ಕದ ಲಾಕರ್ ಕಡೆಯಿಂದ ನೋಡಿದೋರನ್ನೇ ಒಂದು ಸ್ಟಾಂಪ್ ಖರ್ಚಲ್ಲಿ ಕೇಳಬಹುದಾಗಿತ್ತು ಅನ್ನೋದನ್ನ ಯೋಚನೆ ಮಾಡಿ ನೋಡಿ.

ಅದಕ್ಕೇ ಈ ಹವ್ಯಾಸದ ಜೀವ ಇರೋದು ಕಾಗದದಲ್ಲಿ ಅಂತ ನಾನು ನಂಬ್ತೀನಿ, ಕಾರ್ಡು ಒಂದು ನೆಪ ಅಷ್ಟೇ. "ಸರ್, ನಾನು ನಿಮ್ಮ ದೊಡ್ಡ ಫ್ಯಾನ್, ದಯವಿಟ್ಟು ಸೈನ್ ಮಾಡಿ" ಅಂತ ಪ್ರಿಂಟ್ ಹೊಡೆದು, ಹೆಸರು ಮಾತ್ರ ಬದಲಾಯಿಸಿ ನೂರು ಜನಕ್ಕೆ ಕಳಿಸೋರು ಇದಾರೆ, ಅದು ಓದಿದ ತಕ್ಷಣ ಗೊತ್ತಾಗತ್ತೆ, ಐವತ್ತು ವರ್ಷದಿಂದ ಇಂಥ ಪತ್ರ ಓದ್ತಿರೋರಿಗೆ ಗೊತ್ತಾಗದೇ ಇರತ್ತಾ. ಕೈಯಲ್ಲೇ ಬರೀರಿ, ಒಂದು ಪುಟ ಮೀರಬೇಡಿ, ಅಕ್ಷರ ದಪ್ಪಗೆ ಇರ್ಲಿ ಯಾಕಂದ್ರೆ ಓದೋರಿಗೆ ಎಂಬತ್ತು ವರ್ಷ ಆಗಿರಬಹುದು. ನೀವು ಯಾರು ಅಂತ ಎರಡು ಸಾಲು. ಆಮೇಲೆ ಅವರ ಬಗ್ಗೆ ನಿಜವಾಗ್ಲೂ ಏನಾದ್ರೂ ಹುಡುಕಿ ಬರೀರಿ. ಹಳೇ ಮ್ಯಾಚ್‌ಗಳ ಬಾಕ್ಸ್ ಸ್ಕೋರ್, ಅಂದ್ರೆ ಸ್ಕೋರ್‌ಕಾರ್ಡ್, ಎಲ್ಲಾ ಈಗ ಆನ್‌ಲೈನಲ್ಲೇ ಫ್ರೀಯಾಗಿ ಸಿಗತ್ತೆ, ಅವರ ಮೊದಲ ಮ್ಯಾಚ್ ತೆಗೆದು ನೋಡಿ, ಯಾರ ವಿರುದ್ಧ, ಎಷ್ಟನೇ ಇನ್ನಿಂಗ್ಸಲ್ಲಿ ಇಳಿದ್ರು, ಎದುರಿಗೆ ಯಾರಿದ್ರು. "ನಿಮಗೆ ಕಷ್ಟ ಆದ ಬ್ಯಾಟರ್ ಯಾರು" ಅಂತ ಎಲ್ರೂ ಕೇಳ್ತಾರೆ, ಅವರೂ ಒಂದು ರೆಡಿ ಉತ್ತರ ಇಟ್ಕೊಂಡಿರ್ತಾರೆ. ಅದರ ಬದಲು "ಆವತ್ತು ಎಂಟನೇ ಇನ್ನಿಂಗ್ಸಲ್ಲಿ ಬೇಸ್ ಫುಲ್ ಇದ್ದಾಗ ನಿಮ್ಮನ್ನ ಕರೆದ್ರಲ್ಲ, ಕ್ಯಾಚರ್ ಬಂದು ಏನು ಹೇಳಿದ್ರು" ಅಂತ ಕೇಳಿ ನೋಡಿ. ಆ ದಿನಾನ ಇನ್ಯಾರೋ ನೆನಪಿಟ್ಕೊಂಡು ಹುಡುಕಿದಾರೆ ಅನ್ನೋದೇ ಅವರಿಗೆ ದೊಡ್ಡ ವಿಷಯ. ಪ್ರಶ್ನೆ ಒಂದೇ ಇರ್ಲಿ, ಕೆಳಗೆ ಉತ್ತರ ಬರೆಯೋಕೆ ಜಾಗ ಬಿಡಿ. ಪ್ರಶ್ನೆಪತ್ರಿಕೆ ತರ ಹತ್ತು ಕೇಳಿದ್ರೆ ಒಂದಕ್ಕೂ ಬರಲ್ಲ.

"ಟು" ಅಂತ ನಿಮ್ಮ ಹೆಸರು ಹಾಕಿ ಸೈನ್ ಮಾಡಿ ಅಂತ ಕೇಳ್ಕೊಳ್ಳೋದು ಒಳ್ಳೇದು. ಹೆಸರು ಹಾಕಿದ ಕಾರ್ಡನ್ನ ಬೇರೆಯವ್ರು ಕೊಳ್ಳಲ್ಲ, ಸೋ ನೀವು ಮಾರೋಕೆ ಕೇಳ್ತಿಲ್ಲ ಅಂತ ಅವರಿಗೆ ನಂಬಿಕೆ ಬರತ್ತೆ. ಎಷ್ಟೋ ಆಟಗಾರರು ಸೈನ್ ಮಾಡೋದನ್ನೇ ನಿಲ್ಲಿಸಿರೋದು ಒಂದೇ ಕವರಲ್ಲಿ ಹತ್ತಿಪ್ಪತ್ತು ಕಾರ್ಡ್ ತುಂಬಿ ಕಳಿಸಿ, ಮುಂದಿನ ವಾರ ಆನ್‌ಲೈನ್ ಹರಾಜಿಗೆ ಹಾಕೋ ಜನರಿಂದ, ನನಗೆ ಅಂಥೋರ ಮೇಲೆ ನಿಜವಾಗ್ಲೂ ಸಿಟ್ಟಿದೆ. ನಮ್ಮ ಹೆಸರುಗಳು ಅವರಿಗೆ ಹೊಸದು, ಚಂದ್ರಶೇಖರ, ಲಕ್ಷ್ಮೀನಾರಾಯಣ ಅಂತೆಲ್ಲಾ ಇದ್ರೆ ಒಂದು ಚಿಕ್ಕ ಚೀಟೀಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬಿಡಿಸಿ ಬರೆದು ಕಾರ್ಡ್‌ಗೆ ಅಂಟಿಸಿ, ತೆಗೆದ್ರೆ ಗುರುತು ಉಳೀದಿರೋ ಅಂಥ ಚೀಟಿ.

ಕವರ್ ವಿಷಯಕ್ಕೆ ಬರೋಣ. ಒಂದು ಉದ್ದ ಕವರ್, ಅದರೊಳಗೆ ಇನ್ನೊಂದು ಕವರ್, ಒಂದೋ ಸ್ವಲ್ಪ ಚಿಕ್ಕದು ಇಲ್ಲಾ ಅದೇ ಸೈಜಿಂದು ಮಡಚಿ. ಒಳಗಿನದ್ರ ಮೇಲೆ ನಿಮ್ಮ ವಿಳಾಸ ಮತ್ತು ಸ್ಟಾಂಪ್. ಅಮೆರಿಕದಲ್ಲಿ ಫಾರೆವರ್ ಸ್ಟಾಂಪ್ ಅಂತ 2007ರಿಂದ ಇದೆ, ರೇಟ್ ಎಷ್ಟೇ ಏರಿದ್ರೂ ಆವತ್ತು ಕೊಂಡಿದ್ದು ಇವತ್ತಿಗೂ ನಡೆಯತ್ತೆ, ಟಿಟಿಎಂಗೆ ಇದು ಬೇಕೇ ಬೇಕು ಯಾಕಂದ್ರೆ ಉತ್ತರ ಮೂರು ವರ್ಷ ಬಿಟ್ಟು ಬಂದ್ರೂ ಸ್ಟಾಂಪ್ ಸಾಲದೇ ನಿಂತುಹೋಗಬಾರ್ದು. ಒಳಗಿನ ಕವರ್ ಮೂಲೇಲಿ ಪೆನ್ಸಿಲ್‌ನಲ್ಲಿ ಆಟಗಾರನ ಹೆಸರಿನ ಮೊದಲಕ್ಷರ ಬರೆದಿಟ್ರೆ, ವಾಪಸ್ ಬಂದಾಗ ಯಾರದ್ದು ಅಂತ ತೆರೆಯೋಕೆ ಮುಂಚೆನೇ ಗೊತ್ತಾಗತ್ತೆ, ಖಾಲಿ ಬಂದ್ರೂ ಯಾರಿಂದ ಬಂತು ಅಂತ ತಿಳಿಯತ್ತೆ. ಕಾರ್ಡ್ ಬಗ್ಗದಿರೋಕೆ ಅದೇ ಸೈಜಿನ ತೆಳು ರಟ್ಟು ಸಾಕು. ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರ್ ಹಾಕಬೇಡಿ, ಕವರ್ ಬಗ್ಗದೇ ಇದ್ರೆ ಪೋಸ್ಟ್ ಆಫೀಸಿನ ಸಾರ್ಟಿಂಗ್ ಮಷಿನ್‌ನಲ್ಲಿ ಸರಿಯಾಗಿ ಹೋಗಲ್ಲ, ಎಕ್ಸ್‌ಟ್ರಾ ದುಡ್ಡೂ ಬೀಳತ್ತೆ. ಅದಕ್ಕಿಂತ ಮುಖ್ಯ, ವಯಸ್ಸಾದ ಕೈಗೆ ಬಿಗಿಯಾದ ಪ್ಲಾಸ್ಟಿಕ್‌ನಿಂದ ಕಾರ್ಡ್ ಎಳೆದು ತೆಗೆಯೋದು, ಆಮೇಲೆ ಮತ್ತೆ ತೂರಿಸೋದು ಹಿಂಸೆ. ಎಷ್ಟು ಕಾರ್ಡ್ ಅಂದ್ರೆ ಒಂದು ಅಥವಾ ಎರಡು. ಇನ್ನೊಂದು ಅವರೇ ಇಟ್ಕೊಳ್ಳಲಿ ಅಂತ ಎಕ್ಸ್‌ಟ್ರಾ ಕಳಿಸೋರಿದಾರೆ, ಒಳ್ಳೇ ಅಭ್ಯಾಸ, ಎಷ್ಟೋ ಜನರ ಹತ್ರ ಮೊಮ್ಮಕ್ಕಳಿಗೆ ಕೊಡೋಕೆ ತಮ್ಮದೇ ಕಾರ್ಡ್ ಇರಲ್ಲ.

ಇಂಕ್ ಬಗ್ಗೆ ಕಲೆಕ್ಟರ್‌ಗಳು ಗಂಟೆಗಟ್ಟಲೆ ಮಾತಾಡ್ತಾರೆ. ನೀಲಿ ಶಾರ್ಪಿ ಮಾರ್ಕರ್ ಸಾಮಾನ್ಯವಾಗಿ ಎಲ್ರೂ ಒಪ್ಪೋ ಪೆನ್ನು, ಕಪ್ಪಾದ್ರೆ ಪ್ರಿಂಟ್ ತರ ಕಾಣತ್ತೆ. ಹಳೇ ಟಾಪ್ಸ್ ಕಾರ್ಡ್‌ಗಳು ಬರೀ ರಟ್ಟು, ಇಂಕ್ ಚೆನ್ನಾಗಿ ಹೀರ್ಕೊಳ್ಳತ್ತೆ. 1989ರಲ್ಲಿ ಅಪ್ಪರ್ ಡೆಕ್ ಅನ್ನೋ ಕಂಪನಿ ಕಾರ್ಡ್ ಬಂದ ಮೇಲೆ ಹೊಳಪು ಕಾರ್ಡ್‌ಗಳ ಕಾಲ ಶುರುವಾಯ್ತು, ಆ ಹೊಳಪಿನ ಮೇಲೆ ಶಾರ್ಪಿ ಇಂಕು ಎಣ್ಣೆ ಬಾಣಲೆ ಮೇಲಿನ ನೀರಿನ ತರ ಗುಳ್ಳೆಗುಳ್ಳೆಯಾಗಿ ನಿಲ್ಲತ್ತೆ, ಸೈನ್ ಒಡೆದು ಕಾಣತ್ತೆ. ಅದಕ್ಕೆ ಕಳಿಸೋ ಮುಂಚೆ ಸೈನ್ ಬೀಳೋ ಜಾಗಾನ ಮೆತ್ತಗಿನ ರಬ್ಬರ್‌ನಲ್ಲಿ ಹಗುರಕ್ಕೆ ಉಜ್ಜೋದು, ಇಲ್ಲಾ ಬೇಬಿ ಪೌಡರ್ ಹಚ್ಚಿ ಬಟ್ಟೇಲಿ ಒರೆಸೋದು ರೂಢಿ, ಪ್ರೆಪ್ ಮಾಡೋದು ಅಂತಾರೆ ಅದಕ್ಕೆ. 1971ರ ಟಾಪ್ಸ್‌ಗೆ ಕಪ್ಪು ಬಾರ್ಡರ್, ಫೋಟೋನೂ ಗಾಢ ಇದ್ರೆ ನೀಲಿ ಮುಳುಗಿಹೋಗತ್ತೆ, ತಿಳಿ ಆಕಾಶ ಇರೋ ಫೋಟೋ ಆರಿಸ್ಕೊಳ್ಳಿ. 1952, 1959, 1967, 1975ರಂಥ ಕೆಲವು ಸೆಟ್‌ಗಳಲ್ಲಿ ಆಟಗಾರನ ಸೈನ್ ಕಾರ್ಡಿನ ಮೇಲೇ ಪ್ರಿಂಟ್ ಆಗಿರತ್ತೆ, ಕೆಲವ್ರಿಗೆ ಅದರ ಪಕ್ಕ ಇನ್ನೊಂದು ಸೈನ್ ಇಷ್ಟ ಆಗಲ್ಲ. ನನಗೆ ಇಷ್ಟ, ಯಾಕಂದ್ರೆ ಇಪ್ಪತ್ತೈದರ ಕೈ ಮತ್ತು ಎಂಬತ್ತರ ಕೈ ಒಂದೇ ಕಾರ್ಡಲ್ಲಿ ಅಕ್ಕಪಕ್ಕ ನೋಡೋಕೆ ಸಿಗತ್ತೆ.

ಸೈನ್ ಚೆಂದದ ಬಗ್ಗೆ ಮಾತು ಬಂದ್ರೆ ಹಾರ್ಮನ್ ಕಿಲ್ಲಬ್ರೂ ಹೆಸರು ಬರಲೇಬೇಕು. 573 ಹೋಮ್ ರನ್ ಹೊಡೆದ ಮಿನೆಸೋಟ ಟ್ವಿನ್ಸ್ ಟೀಮಿನ ದೊಡ್ಡ ಆಟಗಾರ, ಒಂದೊಂದು ಅಕ್ಷರಾನೂ ಓದೋ ತರ ಬರೀತಿದ್ರು. ಟೋರಿ ಹಂಟರ್ ತರದ ಚಿಕ್ಕ ವಯಸ್ಸಿನ ಆಟಗಾರರು ಗೀಚಿದ್ದನ್ನ ನೋಡಿ, ಇದನ್ನ ಮುಂದೆ ಯಾರಾದ್ರೂ ನೋಡಿದ್ರೆ ನಿನ್ನ ಹೆಸರು ಗೊತ್ತಾಗಬೇಕು, ನೆಟ್ಟಗೆ ಬರಿ ಅಂತ ಬುದ್ಧಿ ಹೇಳಿದ್ರು. ಹಂಟರ್ ಸೈನ್ ಇವತ್ತಿಗೂ ಸ್ಪಷ್ಟವಾಗಿ ಓದಬಹುದು.

ದುಡ್ಡಿನ ವಿಷಯ ತುಂಬಾ ಜನಕ್ಕೆ ಇರುಸುಮುರುಸು. ಕೆಲವು ಆಟಗಾರರು ಸೈನ್‌ಗೆ ಐದು, ಹತ್ತು, ಇಪ್ಪತ್ತು ಡಾಲರ್ ಕೇಳ್ತಾರೆ, ಹಾಲ್ ಆಫ್ ಫೇಮ್‌ನೋರು ಇನ್ನೂ ಜಾಸ್ತಿ. ಕೋಟಿಗಟ್ಟಲೆ ದುಡಿದೋರಿಗೆ ಹತ್ತು ಡಾಲರ್ ಆಸೆನಾ ಅಂತ ಬೈಯೋ ಮುಂಚೆ ಲೆಕ್ಕ ನೋಡಿ. 1967ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 6 ಸಾವಿರ ಡಾಲರ್, 2025ರಲ್ಲಿ ಅದು 7 ಲಕ್ಷ 60 ಸಾವಿರ. ಆಗಿನೋರು ಚಳಿಗಾಲದಲ್ಲಿ ಬೇರೆ ಕೆಲಸ ಮಾಡ್ಕೊಂಡಿರ್ತಿದ್ರು. ಪೆನ್ಷನ್ ಇನ್ನೊಂದು ಕಥೆ. 1980ಕ್ಕೆ ಮುಂಚೆ ಪೆನ್ಷನ್ ಬೇಕಂದ್ರೆ ನಾಲ್ಕು ವರ್ಷದ ಸರ್ವೀಸ್ ಬೇಕಿತ್ತು, 1980ರಲ್ಲಿ ಅದನ್ನ 43 ದಿನಕ್ಕೆ ಇಳಿಸಿದ್ರು, ಆದ್ರೆ ಅಷ್ಟೊತ್ತಿಗೆ ಆಟ ಬಿಟ್ಟಿದ್ದೋರಿಗೆ ಹೊಸ ರೂಲ್ ಅನ್ವಯ ಮಾಡ್ಲಿಲ್ಲ. ಮೂರೂವರೆ ವರ್ಷ ಆಡಿ 1978ರಲ್ಲಿ ಬಿಟ್ಟವರಿಗೆ ಏನೂ ಇಲ್ಲ, 1981ರಲ್ಲಿ ಒಂದೂವರೆ ತಿಂಗಳು ಆಡಿದೋರಿಗೆ ಪೆನ್ಷನ್. ಮೂವತ್ತು ವರ್ಷ ಜಗಳ ಆದ್ಮೇಲೆ 2011ರಲ್ಲಿ ವರ್ಷಕ್ಕೆ ಹೆಚ್ಚಂದ್ರೆ 10 ಸಾವಿರ ಡಾಲರ್ ಕೊಡೋಕೆ ಒಪ್ಪಿದ್ರು, ಅದೂ ಪೆನ್ಷನ್ ಅಲ್ಲ, ಒಂದು ತರ ಪರಿಹಾರ. ನನಗೆ ಇದು ದೊಡ್ಡ ಅನ್ಯಾಯ ಅಂತಾನೇ ಅನ್ಸತ್ತೆ. ಇಂಥೋರು ಐದು ಡಾಲರ್ ಕೇಳಿದ್ರೆ ಖುಷಿಯಿಂದ ಕೊಡ್ತೀನಿ, ಕೇಳದೇ ಇದ್ರೂ ಕೆಲವು ಸಲ ಇಡ್ತೀನಿ. ಇನ್ನು ಎಷ್ಟೋ ಜನ ಬಂದ ದುಡ್ಡನ್ನ ಚರ್ಚ್‌ಗೋ, ಮಕ್ಕಳ ಬೇಸ್‌ಬಾಲ್ ಲೀಗ್‌ಗೋ, 1986ರಲ್ಲಿ ಶುರುವಾದ ಬೇಸ್‌ಬಾಲ್ ಅಸಿಸ್ಟೆನ್ಸ್ ಟೀಮ್‌ಗೋ ಕೊಟ್ಬಿಡ್ತಾರೆ, ಆ ಸಂಸ್ಥೆ ಕಷ್ಟದಲ್ಲಿರೋ ಹಳೇ ಆಟಗಾರರಿಗೇ ಸಹಾಯ ಮಾಡೋದು.

ವಿಳಾಸ ಎಲ್ಲಿ ಸಿಗತ್ತೆ ಅಂತ ಎಲ್ರೂ ಕೇಳ್ತಾರೆ. ಮುಂಚೆ ಆಟಗಾರರ ವಿಳಾಸದ ಪುಸ್ತಕಗಳೇ ಮಾರಾಟಕ್ಕೆ ಬರ್ತಿದ್ವು, ಈಗ ದುಡ್ಡು ಕೊಟ್ಟು ಸೇರೋ ವೆಬ್‌ಸೈಟ್‌ಗಳಿದಾವೆ, ಯಾರು ಸೈನ್ ಮಾಡ್ತಾರೆ ಯಾರು ಬಿಟ್ರು ಅಂತ ಜನ ಅಲ್ಲಿ ದಾಖಲೆ ಇಡ್ತಾರೆ. ಇನ್ನೂ ಕೋಚ್ ಆಗಿರೋರಿಗೆ ಟೀಮ್ ವಿಳಾಸಕ್ಕೆ ಬರೀಬಹುದು, ಫೆಬ್ರವರಿ ಮಾರ್ಚ್‌ನಲ್ಲಿ ಫ್ಲೋರಿಡಾ, ಅರಿಜೋನಾದ ಸ್ಪ್ರಿಂಗ್ ಟ್ರೈನಿಂಗ್ ಕ್ಯಾಂಪಿಗೆ (ಸೀಸನ್‌ಗೆ ಮುಂಚಿನ ಅಭ್ಯಾಸ) ಕಳಿಸಿದ್ರೆ ಇನ್ನೂ ಒಳ್ಳೇದು, ಆಗ ಅವರಿಗೆ ಸ್ವಲ್ಪ ಬಿಡುವಿರತ್ತೆ. ಮನೆ ವಿಳಾಸ ಸಿಕ್ಕಿದ್ರೆ ಅದು ಕಾಗದಕ್ಕೆ ಮಾತ್ರ. ಬಾಗಿಲಿಗೆ ಹೋಗಿ ನಿಲ್ಲೋದು, ವಿಳಾಸಾನ ಎಲ್ಲರಿಗೂ ಕಾಣೋ ಹಾಗೆ ಹಾಕೋದು, ಫೋನ್ ಮಾಡೋದು ಯಾವುದೂ ಬೇಡ. ಹೆಂಡತಿ ತೀರಿಕೊಂಡಿದಾರೆ, ಆರೋಗ್ಯ ಸರಿಯಿಲ್ಲ ಅಂತ ಸುದ್ದಿ ಇದ್ರೆ ಆ ಹೆಸರು ಪಕ್ಕಕ್ಕಿಡಿ. ಸೀರಿಯಸ್ ಇದಾರೆ ಅಂತ ಗೊತ್ತಾದ ತಕ್ಷಣ ಬೇಗ ಕಳಿಸಿಬಿಡೋಣ ಅಂತ ಓಡೋ ಜನಾನೂ ಇದಾರೆ, ಅದು ನೋಡೋಕಾಗಲ್ಲ.

ಬಂದಿದ್ದು ಅಸಲಿನಾ ಅನ್ನೋದು ಮುಂದಿನ ಪ್ರಶ್ನೆ. 1990ರ ದಶಕದ ಕೊನೇಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅಂತ ಸ್ಯಾನ್ ಡಿಯಾಗೋ ಕಡೆಯಿಂದ ಒಂದು ದೊಡ್ಡ ನಕಲಿ ಸೈನ್ ಜಾಲ ಹಿಡೀತು, ಮಾರ್ಕೆಟ್ಟಲ್ಲಿರೋ ಸ್ಪೋರ್ಟ್ಸ್ ಆಟೋಗ್ರಾಫ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ ಇರಬಹುದು ಅಂತ ಆಗ ಅಂದಾಜು ಮಾಡಿದ್ರು. ಸಿಕ್ಕಿದ್ದರಲ್ಲಿ ಮದರ್ ತೆರೆಸಾ ಸೈನ್ ಇರೋ ಬೇಸ್‌ಬಾಲ್‌ಗಳೂ ಇದ್ವು, ಕೋಲ್ಕತ್ತಾದ ತಾಯಿ ಹೆಸರಲ್ಲಿ ಬಾಲ್ ಮಾರೋಕೂ ಹೇಸಲಿಲ್ಲ. ಪೋಸ್ಟಲ್ಲಿ ತರಿಸ್ಕೊಂಡ್ರೆ ಮಧ್ಯದಲ್ಲಿ ಡೀಲರ್ ಇಲ್ಲ, ಅದೊಂದು ನೆಮ್ಮದಿ. ಆದ್ರೂ ಪೂರ್ತಿ ಗ್ಯಾರಂಟಿ ಇಲ್ಲ, ಹೆಂಡತಿನೋ ಸೆಕ್ರೆಟರಿನೋ ಹಾಕಿರಬಹುದು, ರಬ್ಬರ್ ಸ್ಟಾಂಪ್ ಇರಬಹುದು, ಆಟೋಪೆನ್ ಅನ್ನೋ ಮಷಿನ್ ಇರಬಹುದು. ಮನುಷ್ಯ ಎರಡು ಸಲ ಒಂದೇ ತರ ಸೈನ್ ಹಾಕಕ್ಕಾಗಲ್ಲ, ಆದ್ರಿಂದ ಬೇರೆಯೋರಿಗೆ ಬಂದಿದ್ದರ ಫೋಟೋ ಪಕ್ಕದಲ್ಲಿಟ್ಟು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲದೇ ಕೂತ್ರೆ ಅದು ಮಷಿನ್ನು. ಗೆರೆ ಶುರುವಾಗೋ ಕಡೆ, ಮುಗಿಯೋ ಕಡೆ ಚುಕ್ಕಿ ಬಿದ್ದಿದ್ರೆ, ಎಲ್ಲಾ ಕಡೆ ಒಂದೇ ದಪ್ಪ ಇದ್ರೆ ಅನುಮಾನ ಪಡಿ. ವಯಸ್ಸಾದೋರ ಸೈನ್ ನಡುಗಿದ್ರೆ ಗಾಬರಿ ಬೇಡ, ಯುವಕನಾಗಿದ್ದಾಗ ಹಾಕಿದ್ದಂತೆ ಸಲೀಸಾಗಿದ್ರೇನೇ ಯೋಚನೆ ಮಾಡಬೇಕು. ಸರ್ಟಿಫಿಕೇಟ್ ಕೊಡೋ ಕಂಪನಿಗಳು ಇದಾವೆ, ಆದ್ರೆ ಸಾಮಾನ್ಯ ಆಟಗಾರನ ಕಾರ್ಡಿಗೆ ಕಾರ್ಡಿನ ಬೆಲೆಗಿಂತ ಅವರ ಫೀಸೇ ಜಾಸ್ತಿ.

ಕಾಯೋದು ಅಂದ್ರೆ ಒಂದು ವಾರದಿಂದ ಹಲವು ವರ್ಷ. ಕೆಲವು ಕವರ್ ಆರ್‌ಟಿಎಸ್ ಆಗತ್ತೆ, ಅಂದ್ರೆ ವಿಳಾಸದಲ್ಲಿ ಇಲ್ಲ ಅಂತ ವಾಪಸ್. ಕೆಲವು ಸಲ ಸೈನ್ ಇಲ್ಲದ ಕಾರ್ಡಿನ ಜೊತೆ ಮಗಳೋ ಮೊಮ್ಮಗನೋ ಬರೆದ ಚೀಟಿ ಬರತ್ತೆ, ಅವರು ತೀರಿಕೊಂಡ್ರು, ನಿಮ್ಮ ಪತ್ರ ನಾವು ಓದಿದ್ವಿ ಅಂತ. ಅದಕ್ಕೆ ಎರಡು ಸಾಲು ಉತ್ತರ ಬರೆಯೋದು ನಮ್ಮ ಕೆಲಸ.

ಕಾರ್ಡ್ ಕೂಡ ಇಲ್ಲದವರನ್ನ ಮರೀಬೇಡಿ. 1943ರಿಂದ 1954ರವರೆಗೆ ಹೆಣ್ಮಕ್ಕಳದ್ದೇ ಪ್ರೊಫೆಷನಲ್ ಬೇಸ್‌ಬಾಲ್ ಲೀಗ್ ಇತ್ತು, ಅವರಿಗೆ ಸರಿಯಾದ ಕಾರ್ಡ್ ಸೆಟ್ ಬಂದಿದ್ದೇ 1990ರ ದಶಕದಲ್ಲಿ. ನೀಗ್ರೋ ಲೀಗ್‌ಗಳಲ್ಲಿ ಆಡಿದ ಕಪ್ಪು ಆಟಗಾರರ ಕಥೆನೂ ಅದೇ, ಅವುಗಳನ್ನ ಮೇಜರ್ ಲೀಗ್ ಅಂತ ಒಪ್ಪಿಕೊಂಡಿದ್ದು 2020ರ ಡಿಸೆಂಬರ್‌ನಲ್ಲಿ, ಅಷ್ಟೊತ್ತಿಗೆ ಆ ಗೌರವ ಪಡೆಯೋಕೆ ಬದುಕಿದ್ದೋರೇ ಕಮ್ಮಿ. ಕಾರ್ಡ್ ಇಲ್ಲದವರಿಗೆ ಗೆರೆ ಇಲ್ಲದ ಬಿಳಿ ಇಂಡೆಕ್ಸ್ ಕಾರ್ಡ್ ಕಳಿಸ್ತಾರೆ, ಅದರ ಮೇಲೆ ಸೈನ್ ಇನ್ನೂ ಚೆನ್ನಾಗಿ ಕೂರತ್ತೆ.

ಊರಿಂದ, ಅಂದ್ರೆ ಇಂಡಿಯಾದಿಂದ ಕಳಿಸಬಹುದಾ ಅಂದ್ರೆ ಕಳಿಸಬಹುದು, ತೊಡಕು ವಾಪಸ್ ಸ್ಟಾಂಪ್‌ದು. ನಮ್ಮ ಸ್ಟಾಂಪ್ ಅಲ್ಲಿ ನಡೆಯಲ್ಲ. ಗ್ಲೋಬಲ್ ಫಾರೆವರ್ ಅಂತ ದುಂಡಗಿನ ಅಮೆರಿಕನ್ ಸ್ಟಾಂಪ್ ಇದೆ, ಒಂದು ಔನ್ಸ್‌ವರೆಗಿನ ಪತ್ರ ಯಾವ ದೇಶಕ್ಕಾದ್ರೂ ಹೋಗತ್ತೆ, ಅಲ್ಲಿಂದ ಬರೋರ ಕೈಲಿ ನಾಲ್ಕು ತರಿಸ್ಕೊಳ್ಳಿ. ಇನ್ನೂ ಸುಲಭ ಅಂದ್ರೆ ಅಲ್ಲಿರೋ ಅಣ್ಣನದ್ದೋ ಫ್ರೆಂಡ್‌ದೋ ವಿಳಾಸಾನೇ ವಾಪಸ್ ಕವರ್ ಮೇಲೆ ಹಾಕಿ, ಅವರು ಊರಿಗೆ ಬರುವಾಗ ತರ್ತಾರೆ. ಕಾಗದದಲ್ಲಿ ಮಾತ್ರ ನೀವು ಎಲ್ಲಿಯೋರು ಅಂತ ಬರೀರಿ, ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಒಬ್ರು ತಮ್ಮ 1974ರ ಮ್ಯಾಚ್ ಬಗ್ಗೆ ಕೇಳಿದಾರೆ ಅಂದ್ರೆ ಅವರು ಪೆನ್ ಎತ್ತೋ ಸಾಧ್ಯತೆ ಜಾಸ್ತಿ.

ಬಂದ ಕಾರ್ಡನ್ನ ತೆಳು ಪ್ಲಾಸ್ಟಿಕ್ ಸ್ಲೀವ್‌ಗೆ ಹಾಕಿ ಬಿಸಿಲಿಂದ ದೂರ ಇಡಿ, ಶಾರ್ಪಿ ಇಂಕ್ ಬಿಸಿಲಿಗೆ ಬೇಗ ಮಾಸತ್ತೆ. ಪೋಸ್ಟ್‌ಮಾರ್ಕ್ ಇರೋ ಕವರು, ಅವರು ಬರೆದ ಚೀಟಿ ಎರಡನ್ನೂ ಕಾರ್ಡಿನ ಜೊತೆನೇ ಇಡಿ, ಸೈನ್ ಎಲ್ಲಿಂದ ಬಂತು ಅನ್ನೋಕೆ ಅದೇ ಸಾಕ್ಷಿ. ಆಮೇಲೆ ಒಂದು ಥ್ಯಾಂಕ್ಯೂ ಕಾರ್ಡ್ ಹಾಕಿ, ಅದರಲ್ಲಿ ಏನೂ ಕೇಳಬೇಡಿ, ವಾಪಸ್ ಕವರೂ ಇಡಬೇಡಿ.